ಇಸಾಕನ ಕುದುರೆಯನ್ನು ಪಳಗಿಸಿದವನು

ಹಿಮ ಕರಗುವ ಹೊತ್ತಿಗೆ ಕುದುರೆಗಳಿಗೆ ತಲೆ ನಿಲ್ಲುವುದಿಲ್ಲ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತು ಬಾರ್ಲಿ ತಿಂದ ಮೈ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ತಾಗಿ, ನೆಲದಿಂದ ಹಸಿ ಮಣ್ಣಿನ ವಾಸನೆ ಎದ್ದದ್ದೇ ತಡ, ಕೆರಳಿಬಿಡುತ್ತದೆ. ಒಣಹಾಕಿದ ಬಟ್ಟೆ ಗಾಳಿಗೆ ಅಲುಗಿದರೂ ಅದರ ಕಣ್ಣಿಗೆ ತೋಳ. ನರೀನ್ ಪಟ್ಟಣದಿಂದ ಮೇಲೆ, ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಪ್ರತಿ ಮಾರ್ಚ್‌ನಲ್ಲೂ ಯಾರದಾದರೂ ಕೈಯೋ ಪಕ್ಕೆಲುಬೋ ಮುರಿಯುತ್ತಿತ್ತು. ಮಾರನೆಯ ದಿನ ಆ ಮನೆಯವರು ಕುದುರೆ ಹಿಡಿದುಕೊಂಡು ತೊಲೊಮುಶ್‌ನ ಬಾಗಿಲಿಗೆ ಬರುತ್ತಿದ್ದರು.

ತೊಲೊಮುಶ್‌ಗೆ ಅರವತ್ತೊಂದು ವರ್ಷ. ಸೋವಿಯತ್ ಕಾಲದಲ್ಲಿ ಊರಿನ ಸಾಮೂಹಿಕ ಲಾಯದಲ್ಲಿ ದುಡಿದವನು, ಲಾಯ ಮುಚ್ಚಿದ ಮೇಲೂ ಅದೇ ಕೆಲಸ ಮಾಡಿಕೊಂಡು ಬಂದವನು. ಅವನದೊಂದು ಹಟ ಊರಿಗೆಲ್ಲ ಗೊತ್ತಿತ್ತು. ಬೇರೆಯವರು ಒಂದು ಕೈಯಲ್ಲಿ ಬಾರ್ಲಿಯ ಬಕೆಟ್ ಅಲ್ಲಾಡಿಸುತ್ತ, ಇನ್ನೊಂದು ಕೈಯಲ್ಲಿ ಲಗಾಮನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕುದುರೆಯ ಹತ್ತಿರ ಹೋಗುವರು. ಇವನು ಲಗಾಮನ್ನು ಮುಂದೆಯೇ ಹಿಡಿದು, ಕುದುರೆ ಅದನ್ನು ಮೂಸಿ ನೋಡುವವರೆಗೆ ಕಾಯುವನು. ಅರ್ಧ ದಿನ ಬೇಕಾದರೂ ಸರಿಯೇ.

"ಒಂದ್ಸಲ ಮೋಸ ಮಾಡಿ ಹಿಡೀಬಹುದು. ಎರಡನೇ ಸಲ ಅದು ನಿನ್ನ ನೋಡಿದ್ರೇ ಓಡತ್ತೆ," ಎನ್ನುತ್ತಿದ್ದ.

ಎರಡು ಚಳಿಗಾಲದ ಹಿಂದೆ ಅವನ ಸೊಂಟ ಮುರಿಯಿತು. ಕುದುರೆ ಒದ್ದಲ್ಲ, ಹುಲ್ಲಿನ ಹೊರೆ ಹೊತ್ತು ತನ್ನದೇ ಮನೆಯ ಮೆಟ್ಟಿಲ ಮೇಲೆ ಜಾರಿ. ಮೂಳೆ ಕೂಡಿತು, ಆದರೆ ಕಾಲು ಎತ್ತಿ ಕುದುರೆ ಹತ್ತಲು ಬಾರದಂತಾಯಿತು. ಹತ್ತಲಾಗದವನ ಹತ್ತಿರ ಯಾರು ಕುದುರೆ ತರುತ್ತಾರೆ? ಎರಡು ಮಾರ್ಚ್ ಯಾರೂ ಬರಲಿಲ್ಲ. ಒಲೆಯ ಪಕ್ಕದ ಚಾಪೆ ಹಿಡಿದು ಕೂತ.

"ಒಲೆಗೂ ನಿನಗೂ ಮದುವೆ ಮಾಡಿಸ್ತೀನಿ ಬಿಡು," ಎಂದು ಹೆಂಡತಿ ಬುರುಲ್ ಕೆಣಕಿದರೂ ನಗುತ್ತಿರಲಿಲ್ಲ. ಮಾತೇ ನಿಂತುಹೋಗಿತ್ತು.

ಹಾಗಿರುವಾಗ ಒಂದು ಮಾರ್ಚ್‌ನ ಬೆಳಗ್ಗೆ ಕುಬಾತ್ ಲಾರಿಯಲ್ಲಿ ಕುದುರೆ ಹೇರಿಕೊಂಡು ಬಂದ. ಕುಬಾತ್, ಇಸಾಕನ ಮಗ. ಇಸಾಕನೂ ತೊಲೊಮುಶ್‌ನೂ ಒಂದೇ ಲಾಯದಲ್ಲಿ ಇಪ್ಪತ್ತು ವರ್ಷ ಸಗಣಿ ಬಾಚಿದ ಗೆಳೆಯರು. ಇಸಾಕ ಹಿಂದಿನ ಮೇ ತಿಂಗಳಲ್ಲಿ ತೀರಿಕೊಂಡಿದ್ದ. ಲಾರಿಯೊಳಗೆ ಹಲಗೆ ಒದೆಯುತ್ತಿದ್ದದ್ದು ಅವನದೇ ಸವಾರಿ ಕುದುರೆ. ಕೆಂಗಂದು ಬಣ್ಣದ್ದು, ಆ ಬಣ್ಣಕ್ಕೆ ಅಲ್ಲಿಯವರು ಜೇರ್ದೆ ಎನ್ನುತ್ತಾರೆ, ಅದೇ ಅದರ ಹೆಸರು. ಇಸಾಕ ಹೋದ ಮೇಲೆ ಅದನ್ನು ಮೇಲಿನ ಹುಲ್ಲುಗಾವಲಿಗೆ ಬಿಟ್ಟಿದ್ದರು. ಹತ್ತು ತಿಂಗಳು ಮನುಷ್ಯರ ಕೈ ತಾಗಿರಲಿಲ್ಲ. ಕೆಳಗಿಳಿಸಲು ಹೋದ ಕುಬಾತ್‌ನ ಭಾವಮೈದುನನಿಗೆ ಎರಡು ಪಕ್ಕೆಲುಬು ಮುರಿದಿತ್ತು.

"ಬಾಯ್ಕೆ, ನೀವೇ ಗತಿ," ಎಂದ ಕುಬಾತ್. ಅಣ್ಣ ಅನ್ನುವ ಕಡೆ ಅವರು ಬಾಯ್ಕೆ ಅನ್ನುತ್ತಾರೆ.

ತೊಲೊಮುಶ್ ಕೋಲೂರಿಕೊಂಡು ಲಾರಿಯ ಹಿಂದೆ ಹೋಗಿ ಇಣುಕಿದ. ಕುದುರೆಯ ಬಾಲವನ್ನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿದ್ದರು. ಅವನ ಮುಖ ಗಂಟಿಕ್ಕಿತು. ಗಂಡಸು ಸತ್ತರೆ ಅವನ ಕುದುರೆಯ ಬಾಲ ಕತ್ತರಿಸಿ, ಒಂದು ವರ್ಷ ಯಾರೂ ಹತ್ತದೆ ಮೇಯಲು ಬಿಟ್ಟು, ವರ್ಷದ ಊಟಕ್ಕೆ ಅದನ್ನೇ ಕೊಯ್ಯುವುದು ಹಳಬರ ಪದ್ಧತಿ. ಈಗ ಎಲ್ಲರೂ ಮಾಡುವುದಿಲ್ಲ; ಕೆಲವು ಮನೆಗಳಲ್ಲಿ ಉಳಿದಿದೆ.

"ಬಾಲ ಯಾಕೋ ಕತ್ತರಿಸಿದ್ದೀ?"

"ಅಂಟುಮುಳ್ಳು, ಬಾಯ್ಕೆ. ಪೂರ್ತಿ ಗಂಟು ಕಟ್ಕೊಂಡಿತ್ತು."

"ವರ್ಷ ಆಗ್ತಾ ಬಂತು, ಯಾರೂ ಹತ್ತಿಲ್ಲ."

"ನಾನು ಲಾರಿ ಓಡಿಸೋನು. ಯಾವಾಗ ಹತ್ಲಿ?"

"ಒಳಗೆ ಬಾ," ಎಂದ ತೊಲೊಮುಶ್.

ಬುರುಲ್ ನೆಲದ ಮೇಲೆ ಬಟ್ಟೆ ಹಾಸಿ ರೊಟ್ಟಿ ಮುರಿದಿಟ್ಟು ಚಹಾ ಬಗ್ಗಿಸಿದಳು. ತೊಲೊಮುಶ್ ಬಟ್ಟಲು ಮುಟ್ಟಲಿಲ್ಲ.

"ಕುಬಾತ್, ನನ್ನ ಮುಖ ನೋಡಿ ಹೇಳು. ಇದನ್ನ ನಿಮ್ಮಪ್ಪನ ವರ್ಷದ ಊಟಕ್ಕೆ ಇಟ್ಟಿದ್ದೀರಾ? ಚಾಕುಗೆ ಹೋಗೋ ಕುದುರೆನ ನಾನು ಪಳಗಿಸಲ್ಲ. ನನ್ನನ್ನ ನಂಬೋ ಹಾಗೆ ಮಾಡಿ ಅದನ್ನ ಅಲ್ಲಿಗೆ ಕಳಿಸಲ್ಲ."

ಕುಬಾತ್ ನಕ್ಕ. "ಕೊಯ್ಯೋ ಕುದುರೆನ ಯಾರಾದ್ರೂ ಪಳಗಿಸ್ತಾರಾ? ಊಟಕ್ಕೆ ಗೊಡ್ಡು ಹೆಣ್ಗುದುರೆ ಒಂದನ್ನ ಮಾತಾಡಿದ್ದೀನಿ. ಇದು ಅಪ್ಪನ ಕುದುರೆ, ಇದರ ಮೇಲೆ ನಾನು ಕೂರ್ಬೇಕು. ಮೇ ಒಳಗೆ ಸರಿಹೋದ್ರೆ ಇರತ್ತೆ. ಆಗ್ಲಿಲ್ಲ ಅಂದ್ರೆ ಆಗಿನ ಮಾತು ಆಗ." ಆಮೇಲೆ ಕೇಳದೆಯೇ ರೊಟ್ಟಿಯ ಮೇಲೆ ಅಂಗೈ ಇಟ್ಟ. "ಸುಳ್ಳಾದ್ರೆ ಈ ರೊಟ್ಟಿ ನನ್ನ ಹೊಡೀಲಿ."

ಅಲ್ಲಿಗೆ ಮಾತು ಮುಗಿಯಿತು. ರೊಟ್ಟಿ ಮುಟ್ಟಿ ಆಣೆಯಿಟ್ಟವನನ್ನು ಮತ್ತೆ ಪ್ರಶ್ನಿಸುವುದು ಆ ಊರಿನಲ್ಲಿ ಅವನ ತಂದೆಯನ್ನೇ ಬೈದಂತೆ.

ಹೊರಡುವಾಗ ಕುಬಾತ್ ಒಂದು ಮಾತು ಸೇರಿಸಿದ. "ಯಾರನ್ನೂ ಹತ್ತಿಸ್ಬೇಡಿ, ಬಾಯ್ಕೆ. ಮೊದಲು ನಾನೇ ಹತ್ತಬೇಕು."

"ಮಗ ಅಂದ್ರೆ ಮಗ," ಎಂದು ತೊಲೊಮುಶ್ ಆ ದಿನ ಬುರುಲ್‌ಗೆ ಎರಡು ಸಲ ಹೇಳಿದ. ಅವಳು ಬಟ್ಟೆಯ ಮೇಲಿನ ರೊಟ್ಟಿ ಚೂರುಗಳನ್ನು ಆರಿಸುತ್ತಿದ್ದಳು.

ಮೊದಲನೆಯದಾಗಿ, ಅದಕ್ಕೆ ಬಾರ್ಲಿ ತೋರಿಸಲೇ ಇಲ್ಲ. ಬರೀ ಬೆಟ್ಟದ ಒಣಹುಲ್ಲು, ಅದನ್ನೂ ನೀರಲ್ಲಿ ನೆನೆಸಿ. ಪಕ್ಕದ ಮನೆಯ ಮುದಿ ಹೆಣ್ಗುದುರೆಯನ್ನು ತಂದು ಜೊತೆಗೆ ಕಟ್ಟಿದ, ಒಂಟಿ ಕುದುರೆ ಇನ್ನಷ್ಟು ಹೆದರುತ್ತದೆಂದು. ಬೆಳಗ್ಗೆ ನೆಲ ಹೆಪ್ಪುಗಟ್ಟಿ ಗಟ್ಟಿಯಾಗಿರುವಾಗ ಹೊರಗೆ ಬಿಡುತ್ತಿರಲಿಲ್ಲ. ಹೊತ್ತು ನೆತ್ತಿಗೆ ಬಂದು ಹಿಮ ಕೆಸರಾದ ಮೇಲೆ, ಜೀನಿನ ಮೇಲೆ ಮರಳಿನ ಚೀಲ ಕಟ್ಟಿ, ಹೊಳೆದಂಡೆಯ ಮೊಣಕಾಲುದ್ದದ ರಾಡಿಯಲ್ಲಿ ನಡೆಸುತ್ತಿದ್ದ. ರಾಡಿಯಲ್ಲಿ ಓಡಲು ಬಾರದು. ಹತ್ತು ಹೆಜ್ಜೆ ಎಗರಿದರೆ ಹನ್ನೊಂದನೆಯದಕ್ಕೆ ಉಸಿರು ಬೇಕಾಗುತ್ತದೆ. ಕುದುರೆ ಬೆಚ್ಚಿದರೆ ಹಗ್ಗ ಜಗ್ಗುತ್ತಿರಲಿಲ್ಲ. ಕತ್ತನ್ನು ಮೆಲ್ಲಗೆ ಒಂದು ಕಡೆ ತಿರುಗಿಸಿ, ಸುಮ್ಮನೆ ನಿಂತು, ಬೆಚ್ಚಿಸಿದ್ದನ್ನು ಅದು ನೋಡಿ ಮುಗಿಸುವವರೆಗೆ ಬಿಡುತ್ತಿದ್ದ. ವಾಪಸ್ಸು ಬಂದ ಮೇಲೆ ಎದೆಯ ಬೆವರು ಆರುವ ತನಕ ನೀರಿಲ್ಲ, ಹುಲ್ಲಿಲ್ಲ.

ಒಂದು ದಿನ ಹೊಳೆಯ ಮಂಜುಗಡ್ಡೆ ಗುಂಡು ಹಾರಿದಂಥ ಸದ್ದು ಮಾಡಿ ಬಿರಿಯಿತು. ಜೇರ್ದೆ ಎರಡು ಕಾಲಿನ ಮೇಲೆ ನಿಂತಿತು, ತೊಲೊಮುಶ್ ರಾಡಿಗೆ ಅಂಗಾತ ಬಿದ್ದ. ಹಗ್ಗ ಕೈಬಿಡಲಿಲ್ಲ. ಕುದುರೆ ಇಳಿದು, ನಡುಗುತ್ತ, ಅವನ ಟೋಪಿ ಮೂಸಿತು.

ಮೈಯೆಲ್ಲ ಕೆಸರಾಗಿ ಮನೆಗೆ ಬಂದವನನ್ನು ನೋಡಿ ಬುರುಲ್ ಕೂಗಿದಳು. "ಸೊಂಟದ ಇನ್ನೊಂದು ಕಡೇನೂ ಮುರ್ಕೊಂಡ್ಯಾ?"

"ಇಲ್ವೇ ಮುದುಕೀ. ಅದು ಓಡ್ಲಿಲ್ಲ! ಹಗ್ಗ ಸಡಿಲ ಇತ್ತು, ಓಡಬಹುದಿತ್ತು, ಓಡ್ಲಿಲ್ಲ!"

"ಮದುವೆ ದಿನ ನಾನೂ ಓಡ್ಲಿಲ್ಲ. ಅದಕ್ಕೆ ಇಷ್ಟು ಖುಷಿ ಪಟ್ಟಿರ್ಲಿಲ್ಲ ನೀನು."

ತೊಲೊಮುಶ್ ನಕ್ಕ. ಎರಡು ವರ್ಷದ ಮೇಲೆ ಆ ಮನೆಯಲ್ಲಿ ಅಂಥ ನಗು. ಬುರುಲ್ ಬಾಗಿಲ ಚೌಕಟ್ಟು ಹಿಡಿದು ಅವನನ್ನೇ ನೋಡುತ್ತ ನಿಂತಳು.

ಏಪ್ರಿಲ್ ನಡುವಿಗೆ ಕುಬಾತ್ ಬಂದು ನೋಡಿ ಮೆಚ್ಚಿಕೊಂಡ. "ಹೊಗೆಗೆ, ಜನಕ್ಕೆ, ಹೆಂಗಸರ ಗಲಾಟೆಗೆ ಒಗ್ಗಿಸ್ಬೇಕು, ಬಾಯ್ಕೆ. ಊರೊಳಗೆ ಓಡಾಡೋ ಕುದುರೆ ಅಲ್ವಾ?" ತೊಲೊಮುಶ್‌ಗೆ ಸರಿಯೆನಿಸಿತು. ಅಂಗಳದಲ್ಲಿ ಸಗಣಿ ಬೆರಣಿಯ ಹೊಗೆ ಹಾಕಿದ. ಬುರುಲ್‌ನ ಕೈಗೆ ಪಾತ್ರೆ ಕೊಟ್ಟು ಬಡಿಯಲು ಹೇಳಿದ.

"ಜೋರಾಗಿ ಕೂಗೇ! ಅಳೋ ಹಾಗೆ ಕೂಗು, ಹಾಡು, ಏನಾದ್ರೂ ಮಾಡು!"

ಅವಳು ಪಾತ್ರೆ ಬಡಿದಳು. ಕೂಗಲಿಲ್ಲ. ಕಣ್ಣು ಒರೆಸಿಕೊಂಡಳು.

"ಹೊಗೆ," ಎಂದಳು.

ಏಪ್ರಿಲ್ ಮುಗಿಯುವಷ್ಟರಲ್ಲಿ ಜೇರ್ದೆ ಹೊಗೆಯಲ್ಲೂ ಗದ್ದಲದಲ್ಲೂ ಕಿವಿ ಮಾತ್ರ ಆಡಿಸುತ್ತ ನಿಲ್ಲುವಂತಾಯಿತು. ಹಗ್ಗವಿಲ್ಲದೆಯೂ ತೊಲೊಮುಶ್‌ನ ಹೆಗಲ ಹಿಂದೆ ನಡೆಯುತ್ತಿತ್ತು. ಇನ್ನು ಇದನ್ನು ಚಾಕುವಿಗೆ ಕಳಿಸಲು ಯಾರಿಗೂ ಕಾರಣ ಉಳಿದಿಲ್ಲ ಎಂದುಕೊಂಡ.

ವರ್ಷದ ಊಟದ ದಿನ ತೊಲೊಮುಶ್ ಹೊಸ ಕೋಟು ಹಾಕಿ, ಬಿಳಿ ಟೋಪಿ ತಟ್ಟಿ ಇಟ್ಟುಕೊಂಡು, ಜೀನು ಬಿಗಿದ ಜೇರ್ದೆಯನ್ನು ನಡೆಸಿಕೊಂಡು ಇಸಾಕನ ಮನೆಗೆ ಹೋದ. ಬಂಧುಬಳಗದ ಮುಂದೆ ಕುಬಾತ್ ತಂದೆಯ ಕುದುರೆ ಹತ್ತುವುದನ್ನು ನೋಡಬೇಕೆಂದು ಅವನ ಆಸೆ. ಅಂಗಳದಾಚೆ ನೆಲ ತೋಡಿ ಒಲೆ ಹೂಡಿದ್ದರು, ದೊಡ್ಡ ಹಂಡೆಗಳಲ್ಲಿ ನೀರು ಕುದಿಯುತ್ತಿತ್ತು. ಡೇರೆಯೊಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಸತ್ತವನ ಹಾಡು ಹೇಳಿ ಅಳುತ್ತಿದ್ದರು. ಜೇರ್ದೆ ಕಿವಿ ಆಡಿಸಿತು, ನಿಂತಿತು.

ತೊಲೊಮುಶ್ ಸುತ್ತ ನೋಡಿದ. "ಗೊಡ್ಡು ಕುದುರೆ ಎಲ್ಲಿ ಕಟ್ಟಿದ್ದೀರೋ?" ಎಂದು ಒಲೆಗೆ ಸೌದೆ ಒಡ್ಡುತ್ತಿದ್ದವನನ್ನು ಕೇಳಿದ.

"ಯಾವ ಗೊಡ್ಡು ಕುದುರೆ?" ಎಂದ ಅವನು.

ಅಷ್ಟರಲ್ಲಿ ಕುಬಾತ್ ಬಂದ. ಅವನ ಕೈಯಲ್ಲಿ ಇಸಾಕನ ಕೋಟು, ಇಸಾಕನ ನರಿಚರ್ಮದ ಟೋಪಿ. ಸತ್ತವನ ಬಟ್ಟೆಯನ್ನು ಅವನ ಕುದುರೆಯ ಜೀನಿಗೆ ಹೊದಿಸಿ, ಅಳುವ ಹೆಂಗಸರ ಡೇರೆಯ ಮುಂದೆ ಒಂದು ಸುತ್ತು ನಡೆಸಿ, ಆಮೇಲೆ ಕೊಯ್ಯುತ್ತಾರೆ. ಅದಕ್ಕೇ ಹೊಗೆ, ಅದಕ್ಕೇ ಗಲಾಟೆ, ಅದಕ್ಕೇ ಯಾರೂ ಹತ್ತಬಾರದು. ತೊಲೊಮುಶ್‌ಗೆ ಒಂದೇ ಉಸಿರಿಗೆ ಎಲ್ಲ ಅರ್ಥವಾಯಿತು.

"ರೊಟ್ಟಿ ಮುಟ್ಟಿದ್ದೆ ನೀನು."

ಕುಬಾತ್ ನೆಲ ನೋಡಿದ. "ನಿಜ ಹೇಳಿದ್ರೆ ನೀವು ಒಪ್ತಿರ್ಲಿಲ್ಲ. ಎಂಟು ಜನ ಹಗ್ಗ ಹಾಕಿ, ಹೊಡೆದು, ಎಳ್ಕೊಂಡು ಬರಬೇಕಿತ್ತು. ಅಪ್ಪನ ಊಟದ ದಿನ ಊರೆಲ್ಲ ಅದನ್ನ ನೋಡ್ಬೇಕಿತ್ತಾ? ಬೇರೆಯವರು ಹೊಡೆದು ಪಳಗಿಸ್ತಾರೆ. ನೀವು ಹೊಡೆಯಲ್ಲ."

"ಹೊಡೆದಿದ್ರೆ ವಾಸಿ ಇತ್ತು ಕಣೋ. ಯಾರ ಕೈಯಲ್ಲಿ ಇದೀನಿ ಅನ್ನೋದಾದ್ರೂ ಅದಕ್ಕೆ ಗೊತ್ತಿರ್ತಿತ್ತು."

ಇಸಾಕನ ಹೆಂಡತಿ ಜಿಪಾರ್ ಡೇರೆಯಿಂದ ಹೊರಗೆ ಬಂದಳು. ಅತ್ತು ಮುಖ ಊದಿತ್ತು. "ತೊಲೊಮುಶ್, ದೇವರು ನಿನಗೆ ಒಳ್ಳೇದು ಮಾಡ್ಲಿ. ಗೊತ್ತಿದ್ದೂ ಗೆಳೆಯನಿಗೋಸ್ಕರ ಮಾಡಿದ್ಯಲ್ಲ. ಇಂಥ ಕೆಲಸ ಯಾರು ಮಾಡ್ತಾರೆ?"

ತೊಲೊಮುಶ್‌ಗೆ ಎಲ್ಲ ಗೊತ್ತೆಂದೇ ಅವಳಿಗೂ ಹೇಳಿದ್ದರು. ಊರಿಗೆಲ್ಲ ಹಾಗೆಯೇ ಗೊತ್ತಿತ್ತು. ಇವಳ ಮುಂದೆ, ಈ ದಿನ, ಏನು ಹೇಳುವುದು?

ಇಬ್ಬರು ಗಂಡಸರು ಬಂದು ಹಗ್ಗಕ್ಕೆ ಕೈ ಹಾಕಿದರು. ಜೇರ್ದೆ ತಲೆ ಎತ್ತಿತು, ಕಣ್ಣಿನ ಬಿಳಿ ಕಾಣಿಸಿತು, ಹಿಂದಿನ ಕಾಲು ನೆಲ ಕೆರೆಯಿತು. ಯಾರೋ ಇನ್ನೊಂದು ಹಗ್ಗ ತನ್ನಿ ಎಂದು ಕೂಗಿದರು.

"ಬಿಡ್ರೋ," ಎಂದ ತೊಲೊಮುಶ್.

ಅವನೇ ಹಗ್ಗ ಹಿಡಿದ. ಅವನೇ ಹೆಂಗಸರ ಡೇರೆಯ ಮುಂದೆ ಒಂದು ಸುತ್ತು ನಡೆಸಿದ. ಇಸಾಕನ ಕೋಟಿನ ತೋಳು ಜೀನಿನ ಪಕ್ಕ ಜೋಲಾಡುತ್ತಿತ್ತು. ಆಮೇಲೆ ಮನೆಯ ಹಿಂದಕ್ಕೆ. ಕುದುರೆ ಎಲ್ಲೂ ನಿಲ್ಲಲಿಲ್ಲ, ಅವನ ಹೆಗಲಿಗೆ ಮೂತಿ ತಾಗಿಸಿಕೊಂಡೇ ಬಂತು. ಕಾಲು ಕಟ್ಟುವಾಗಲೂ ಅವನನ್ನೇ ನೋಡುತ್ತಿತ್ತು. ಅವನು ಮುಖ ತಿರುಗಿಸಲಿಲ್ಲ.

ಊಟಕ್ಕೆ ಕೂತಾಗ ಹಿರಿಯರಿಗೆ ಸಲ್ಲುವ ಮೂಳೆಯ ತುಂಡನ್ನು ಅವನ ಮುಂದೆ ಇಟ್ಟರು. ಬೇಡ ಎಂದರೆ ಅವಮಾನ ಕುಬಾತ್‌ಗಲ್ಲ, ಇಸಾಕನಿಗೆ. ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡ. ನುಂಗಲು ಬಹಳ ಹೊತ್ತು ಹಿಡಿಯಿತು. ಅಂಗೈಯಿಂದ ಮುಖ ಸವರಿ ಪ್ರಾರ್ಥನೆ ಮುಗಿಸಿ ಎದ್ದ. ಕುಬಾತ್ ಮರ್ಯಾದೆಗೆಂದು ಹೊದಿಸಲು ತಂದ ಹೊಸ ನಿಲುವಂಗಿಯನ್ನು ಹೊಸ್ತಿಲ ಮೇಲೆಯೇ ಬಿಟ್ಟು ಹೊರಟ.

ಮನೆಯಲ್ಲಿ ಬುರುಲ್ ಒಲೆ ಮುಂದೆ ಕೂತಿದ್ದಳು. ಊಟಕ್ಕೆ ಬಂದಿರಲಿಲ್ಲ, ತಲೆನೋವೆಂದಿದ್ದಳು. ಅವನು ಏನನ್ನೂ ಹೇಳುವ ಮೊದಲೇ ಅವಳ ಮುಖದಲ್ಲಿ ಉತ್ತರವಿತ್ತು.

"ಯಾವತ್ತಿಂದ ಗೊತ್ತು ನಿನಗೆ?"

"ಅವನು ರೊಟ್ಟಿ ಮುಟ್ಟಿದ ವಾರಕ್ಕೇ. ವರ್ಷದ ಊಟಕ್ಕೆ ರೊಟ್ಟಿ ಸುಡೋಕೆ ಹೆಂಗಸರಿಗೆ ಮುಂಚೇನೇ ಹೇಳಿಡೋಕೆ ಬಂದಿದ್ಲು ಅವನ ಹೆಂಡತಿ. ಅವಳ ಬಾಯಲ್ಲೇ ಬಂತು."

"ಪಾತ್ರೆ ಬಡಿಯುವಾಗ ಗೊತ್ತಿತ್ತು."

"ಗೊತ್ತಿತ್ತು."

ಅವನು ಕೋಟು ಬಿಚ್ಚದೆ ನಿಂತೇ ಇದ್ದ.

"ಎರಡು ವರ್ಷ ನೀನು ಸತ್ತೋನ ಹಾಗೆ ಬಿದ್ದಿದ್ದೆ," ಎಂದಳು ಬುರುಲ್. "ಕೆಸರಲ್ಲಿ ಬಿದ್ದು ಬಂದು ನಕ್ಕಲ್ಲ, ಅವತ್ತು ಹೇಳ್ಬೇಕು ಅಂತಲೇ ನಿಂತಿದ್ದೆ. ಆಗ್ಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ದಿನ ಹೋಯ್ತು. ಬೈ. ಬೈಯಾದ್ರೂ ಬೈ, ಮುದುಕಾ."

ಅವನು ಬೈಯಲಿಲ್ಲ. ಮತ್ತೆ ಆ ಒಲೆಯ ಪಕ್ಕದ ಚಾಪೆಗೂ ಹೋಗಲಿಲ್ಲ.

ಮುಂದಿನ ಮಾರ್ಚ್‌ನಲ್ಲಿ ಊರವರು ಮತ್ತೆ ಕೆರಳಿದ ಕುದುರೆಗಳನ್ನು ಹಿಡಿದು ತಂದರು; ಹತ್ತಲಾಗದಿದ್ದರೂ ಪಳಗಿಸುತ್ತಾನೆ ಎಂಬ ಹೆಸರು ಜೇರ್ದೆಯಿಂದ ಬಂದಿತ್ತು. ತೊಲೊಮುಶ್ ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೇಗೆ ಮಾಡಬೇಕೆಂದು ಬೇಲಿಯ ಈಚೆಯಿಂದಲೇ ಹೇಳಿಕೊಡುತ್ತಿದ್ದ: ಬಾರ್ಲಿ ನಿಲ್ಲಿಸಿ, ರಾಡಿಯಲ್ಲಿ ನಡೆಸಿ, ಜಗ್ಗಬೇಡಿ. ಹಗ್ಗ ಮುಟ್ಟುತ್ತಿರಲಿಲ್ಲ.

ಬುರುಲ್‌ನ ಜೊತೆ ಜಗಳವೇನೂ ಇರಲಿಲ್ಲ. ಒಟ್ಟಿಗೆ ಉಣ್ಣುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಅವಳು ಕೆಣಕಿದರೆ ಕೆಲವೊಮ್ಮೆ ನಗುತ್ತಲೂ ಇದ್ದ. ಆದರೆ ಅವಳು ಕಿಟಕಿಯಿಂದ ನೋಡಿ, "ಹಿಮ ಬೀಳೋದು ನಿಂತಿದೆ, ಹೋಗಿ ಬಾ," ಅಂದರೆ, ಹೂಂ ಎಂದು ಎದ್ದು, ಬಾಗಿಲು ತೆಗೆದು, ಒಮ್ಮೆ ಕೈ ಚಾಚಿ ತಾನೇ ನೋಡಿದ ಮೇಲೆಯೇ ಹೆಜ್ಜೆ ಹೊರಗಿಡುತ್ತಿದ್ದ.