ಶಮೀಮ್ ಆಪಾ ಹೋದರು, ಭಾನುವಾರದ ಡಿಸೈನ್ ಕೂಟ ನಿಲ್ಲುವುದಿಲ್ಲ

ಇಲ್ಲ... ನಂಬೋಕೇ ಆಗುತ್ತಿಲ್ಲ.

ನಿನ್ನೆ ಸಂಜೆಯಷ್ಟೇ ವಾಯ್ಸ್ ಮೆಸೇಜ್ ಕಳಿಸಿದ್ದರು.
"ಮಂಜು, ಆ ಬಟನ್ ಯಾಕ್ರಿ ಅಷ್ಟು ಸಣ್ಣದು ಮಾಡೀರಿ? ಇರುವೆ ಒತ್ತಾಕೆ ಏನು?"
ಬೈದು, ಆಮೇಲೆ ತಾವೇ ನಕ್ಕಿದ್ದರು.
ಅವರು ಹೀಗೆ ಹೋಗಿಬಿಡುತ್ತಾರಾ...

ಬೆಳಿಗ್ಗೆ ಅವರ ಯಜಮಾನರು ರಫೀಕ್ ಭಾಯ್ ಫೋನ್ ಮಾಡಿದರು.
"ಮಂಜಣ್ಣ... ಶಮೀಮ್ ಹೋಗ್ಬಿಟ್ಲು. ಹಾರ್ಟ್ ಅಂತೆ..."
ಫೋನಿಟ್ಟು ಸಿಕ್ಕ ಬಸ್ಸು ಹತ್ತಿದೆ.

ಹೊನ್ನಾಳಿಗೆ ಹೋಗಿ, ಮಣ್ಣು ಮುಗಿಸಿ, ಈಗಷ್ಟೇ ನ್ಯಾಮತಿಗೆ ಬಂದು ಕೂತಿದ್ದೇನೆ.
ಅತ್ತಿದ್ದೇನೆ. ಮುಚ್ಚಿಡುವಂಥದ್ದೇನಿಲ್ಲ.
ಆದರೆ ಒಂದು ಮಾತು ಇವತ್ತೇ ಹೇಳಬೇಕು. ಪೂರ್ತಿ ಓದಿ. ಕೈಮುಗಿದ ಇಮೋಜಿ ಹಾಕಿ ಓಡಿಹೋಗಬೇಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹೊನ್ನಾಳಿಯಲ್ಲಿ ಆಪಾ ಅವರದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬ್ಯಾನರು...
ಅದು ಮುಗಿದ ಮೇಲೆ ನಮ್ಮ ನೀರಿನ ಆ್ಯಪ್.
ಊರಿಗೆ ನೀರು ಬಿಡುವ ನೀರುಗಂಟಿ ತನ್ನ ಫೋನಿನಲ್ಲಿ ಒತ್ತಿದರೆ, ಯಾವ ಬೀದಿಗೆ ಈಗ ನೀರು ಬಿಟ್ಟಿದ್ದಾರೆ ಎಂದು ಮನೆಮನೆಯ ಫೋನಿನಲ್ಲಿ ಕಾಣುತ್ತದೆ. ಓಪನ್ ಸೋರ್ಸ್... ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ತಮ್ಮೂರಿಗೂ ಹಾಕಿಕೊಳ್ಳಬಹುದು. ಇಲ್ಲಿ ಯಾರಿಗೂ ಸಂಬಳವಿಲ್ಲ.

ನನ್ನಂಥ ಕೋಡ್ ಬರೆಯುವವರು ಹೇಗೋ ಸಿಗುತ್ತಾರೆ.
ಡಿಸೈನ್ ಮಾಡುವವರನ್ನು ಹುಡುಕಿ, ಯಾರು ಯಾವ ಸ್ಕ್ರೀನ್ ಮಾಡಬೇಕೆಂದು ಹಂಚಿ, ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದಿದೆಯಲ್ಲ... ಅದು ಆಪಾ ಒಬ್ಬರ ತಲೆಯ ಮೇಲಿತ್ತು.

ಶುರುವಿನಲ್ಲಿ ಒಂದು ಎಡವಟ್ಟಾಯಿತು.
ನೀರು ಬಿಟ್ಟು, ವಾಲ್ವ್ ಬಂದ್ ಮಾಡಿದ ಮೇಲೆ ಹಸಿರು ರೈಟ್ ಮಾರ್ಕ್ ಬರುವಂತೆ ಚನ್ನಗಿರಿಯ ಹೊಸ ಹುಡುಗಿಯೊಬ್ಬಳು ಡಿಸೈನ್ ಮಾಡಿದ್ದಳು. ಇವತ್ತಿನ ಕೆಲಸ ಮುಗಿಯಿತು ಎಂದು ಅದರ ಅರ್ಥ. ನಮಗೆಲ್ಲ ಬಲು ಚಂದ ಕಂಡಿತ್ತು.
ಸಾಸ್ವೆಹಳ್ಳಿಯ ಹೆಂಗಸರು ಆ ರೈಟ್ ನೋಡಿ ನೀರು ಬಂತು ಅಂದುಕೊಂಡರು. ಕೊಡ ಹಿಡಿದು ಖಾಲಿ ನಲ್ಲಿ ಮುಂದೆ ನಿಂತರು!

"ರೈಟ್ ಹಾಕೀರಿ, ನೀರೆಲ್ಲೈತೆ? ಕೂಲಿ ಬಿಟ್ಟು ನಿಂತೀವಿ ಇಲ್ಲಿ!" ಎಂದು ಒಬ್ಬಾಕೆ ಫೋನಿನಲ್ಲೇ ಜಾಡಿಸಿದರು.

ನಮ್ಮ ಗ್ರೂಪಿನಲ್ಲಿ ತಕ್ಷಣ ಶುರುವಾಯಿತು... ಯಾರು ಮಾಡಿದ್ದು? ಹೊಸಬರ ಕೈಗೆ ಯಾಕೆ ಕೊಟ್ಟಿರಿ?
ಆಪಾ ಎಲ್ಲರಿಗೂ ಕಾಣುವ ಪುಟದಲ್ಲಿ ಬರೆದರು: "ಒಪ್ಪಿದ್ದು ನಾನು. ಅಂಗಡಿಯಲ್ಲಿ ಫ್ಯಾನ್ ಕೆಳಗೆ ಕೂತು ಒಪ್ಪಿದೆ. ಆ ಹುಡುಗಿಯ ಹೆಸರು ಎತ್ತಬೇಡಿ."
ಮರುದಿನ ಅದೇ ಹುಡುಗಿಯನ್ನು ಕರೆದುಕೊಂಡು ಸಾಸ್ವೆಹಳ್ಳಿಗೆ ಹೋಗಿ, ಬೈಸಿಕೊಂಡು, ಅವರ ಮನೆಯಲ್ಲೇ ಚಹಾ ಕುಡಿದು ಬಂದರು.

ಅವತ್ತಿನಿಂದ ಬಂತು ನೋಡಿ, ಬಿಸಿಲು ಟೆಸ್ಟ್.
ಹೊಸ ಸ್ಕ್ರೀನ್ ಏನೇ ಇರಲಿ, ಭಾನುವಾರ ಸವಳಂಗದ ಬಸ್ ಸ್ಟ್ಯಾಂಡ್‌ಗೆ ಬರಬೇಕು. ಗಾಜು ಒಡೆದ ಹಳೇ ಫೋನನ್ನು ಬಸ್ಸಿಗೆ ಕಾಯುವವರ ಕೈಗೆ ಕೊಟ್ಟು, ನಡು ಬಿಸಿಲಲ್ಲಿ ನೋಡಿಸಬೇಕು. ಡಿಸೈನ್ ಮಾಡಿದವರು ಪಕ್ಕದಲ್ಲಿ ನಿಲ್ಲಬೇಕು, ತುಟಿ ಪಿಟಕ್ ಅನ್ನುವಂತಿಲ್ಲ.
ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವವರೂ ಬಂದು ಟೋಪಿ ಹಾಕಿಕೊಂಡು ಸುಮ್ಮನೆ ನಿಂತಿದ್ದಾರೆ.

ಆಪಾ...
ಎಷ್ಟು ಕಾಟ ಕೊಡುತ್ತಿದ್ದಿರಿ ನೀವು.
ಹೊಸಬರು ಏನಾದರೂ ಕಳಿಸಿದರೆ "ಚೆನ್ನಾಗಿದೆ" ಅಂತ ಒಂದೇ ಪದ ಬರೆದು ಕೈ ತೊಳೆದುಕೊಂಡವರನ್ನು ಬಿಡುತ್ತಿರಲಿಲ್ಲ. "ಏನು ಚೆನ್ನಾಗೈತೆ, ಎಲ್ಲಿ ತಿಳೀಲಿಲ್ಲ, ಬಿಡಿಸಿ ಹೇಳ್ರಿ. ಪಾಪ, ಆ ಕೂಸು ನಿದ್ದೆಗೆಟ್ಟು ಮಾಡೈತೆ" ಅನ್ನುತ್ತಿದ್ದಿರಿ.
ಇನ್ನು ಯಾರು ಹೀಗೆ ಜಗ್ಗಾಡುತ್ತಾರೆ ಹೇಳಿ?
ಸಿಟ್ಟು ಬರುತ್ತಿದೆ ಆಪಾ. ನಿಮ್ಮ ಮೇಲೇ...

ಈಗ ಆ ಮಾತಿಗೆ ಬರುತ್ತೇನೆ.

ಜಗಳೂರು ಕಡೆಯ ಬಿಳಿಚೋಡಿನ ರುಕ್ಮಿಣಿ. ಅವಳ ಮೊದಲ ಕೆಲಸ. ಓದಲು ಬಾರದವರಿಗಾಗಿ ಚಿತ್ರ ಮತ್ತು ಧ್ವನಿಯ ಸ್ಕ್ರೀನ್ ಮಾಡಿದ್ದಾಳೆ. ಈ ಭಾನುವಾರ ಆಪಾ ನೋಡಬೇಕಿತ್ತು. ಸರಿಯಾದರೆ ಮುಂದಿನ ರಿಲೀಸ್‌ನಲ್ಲಿ ಬರುತ್ತಿತ್ತು.

ಮಧ್ಯಾಹ್ನ, ನಾವಿನ್ನೂ ಖಬರಸ್ತಾನದಲ್ಲೇ ಇದ್ದೆವು, ಪ್ರಾಜೆಕ್ಟಿನ ಹಿರಿಯರೊಬ್ಬರು ಗ್ರೂಪಿನಲ್ಲಿ ಬರೆದರು: "ಆಪಾ ಗೌರವಾರ್ಥ ಡಿಸೈನ್ ಕೆಲಸ ಸದ್ಯಕ್ಕೆ ನಿಲ್ಲಿಸೋಣ. ಹಳೆಯದನ್ನೇ ಬಿಡುಗಡೆ ಮಾಡೋಣ."

ಗೌರವಾರ್ಥವಂತೆ!
ಅಕ್ಷರ ಬಾರದ ಅಜ್ಜಿ "ನೀರು ಬಂತೇನವ್ವಾ?" ಅಂತ ಇನ್ನೂ ಪಕ್ಕದ ಮನೆಯವರನ್ನೇ ಕೇಳುತ್ತಿರಬೇಕು, ಅದು ಗೌರವ?
ಸ್ವಾಮಿ, ಸದ್ಯಕ್ಕೆ ಅಂತ ನಿಂತ ಕೆಲಸ ಮತ್ತೆ ಎದ್ದಿದ್ದನ್ನು ನಾನಂತೂ ನೋಡಿಲ್ಲ. ಹೊಸಬರು ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ, ಅಷ್ಟೇ.

ಅದನ್ನೋದಿ ರುಕ್ಮಿಣಿ ನನಗೆ ಮೆಸೇಜ್ ಮಾಡಿದಳು.
"ಅಣ್ಣ, ನಂದು ತೆಗೆದುಬಿಡ್ರಿ. ಆಪಾ ಇಲ್ದ ಮೇಲೆ ಹೇಳಾಕೆ ಯಾರದಾರೆ?"

ನಾನು ಡಿಸೈನರ್ ಅಲ್ಲ. ಆದರೂ ಬಸ್ಸಿನಲ್ಲಿ ಕೂತು ಅವಳ ಸ್ಕ್ರೀನ್ ತೆರೆದೆ. ಏನು ತಿಳಿಯಿತು, ಏನು ತಿಳಿಯಲಿಲ್ಲ, ಎಲ್ಲವನ್ನೂ ಬಿಡಿಸಿ ಬರೆದೆ. ನೀರು ಬರುವ ಚಿತ್ರ ಸರಿಯಿದೆ, ನೀರು ನಿಂತ ಚಿತ್ರ ನನಗೂ ಗೊತ್ತಾಗಲಿಲ್ಲ ಎಂದು ಬರೆದೆ. ಕೊನೆಗೆ: "ಭಾನುವಾರ ನೀನು ಸವಳಂಗಕ್ಕೆ ಬರೋದು ಬೇಡವ್ವಾ. ನಾವೇ ಜಗಳೂರಿಗೆ ಬರ್ತೀವಿ."

ಹಾಗಾಗಿ ಚನ್ನಗಿರಿಯವರು, ಹೊನ್ನಾಳಿಯವರು, ನ್ಯಾಮತಿಯವರು... ಭಾನುವಾರ ಬೆಳಿಗ್ಗೆ ಜಗಳೂರಿನ ಬಸ್ ಸ್ಟ್ಯಾಂಡ್. ಬರುವವರು ಬನ್ನಿ. ಯಾರೂ ಬರದಿದ್ದರೆ ನಾನೊಬ್ಬನೇ ಹೋಗುತ್ತೇನೆ. ಹಿರಿಯರಿಗೂ ಇದನ್ನೇ ಹೇಳಿದ್ದೇನೆ.

ಇದನ್ನು ಟೈಪ್ ಮಾಡುತ್ತಿರುವಾಗಲೇ ರುಕ್ಮಿಣಿಯ ಉತ್ತರ ಬಂತು.

"ಅಣ್ಣ, ಈಗ ತೆಗೀಬ್ಯಾಡ್ರಿ. ನೀರು ನಿಂತ ಚಿತ್ರ ನಮ್ಮ ಅವ್ವಗೂ ತಿಳೀಲಿಲ್ಲ. ಅಳಿಸೀನಿ. ಬೇರೆ ಬರೆಯಾಕೆ ಕುಂತೀನಿ."

ಹೋಗಿ ಬನ್ನಿ ಆಪಾ...
ನಿಮ್ಮ ಜೀವ ತಣ್ಣಗಿರಲಿ.