ಹೊರಟವರನ್ನು ಕೇಳಬಾರದು

ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗಗಳು ನಮ್ಮ ವಂಶದವರಿಗೆ ಅದುವರೆಗೆ ಗೊತ್ತಿದ್ದದ್ದು ಮೂರೇ: ದೇವಸ್ಥಾನ, ರಾಗಿ ಕಣ, ಗೌಡರ ಮನೆಯ ಪಡಸಾಲೆ. ತುಮಕೂರಿಗೆ ಬಂದ ಮೇಲೆ ನಾನು ಅದಕ್ಕೆ ನಾಲ್ಕನೆಯದೊಂದನ್ನು ಸೇರಿಸಿದೆ. ಅದು ಉಪ್ಪಾರಹಳ್ಳಿಯ ಇಂಟರ್ನೆಟ್ ಸೆಂಟರು. ಕಂಪ್ಯೂಟರಿಗೆ ಧೂಳು ಆಗದು ಎಂದು ಬಾಗಿಲಲ್ಲೇ ಬರೆದು ಹಾಕಿದ್ದರು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಆ ಯಂತ್ರದ ಮಡಿ ಯಾವ ಮಠದ ಮಡಿಗೂ ಕಡಿಮೆಯಿರಲಿಲ್ಲ. ಆಫೀಸು ಮುಗಿಸಿ ಶೆಟ್ಟಿಹಳ್ಳಿಯ ಬಾಡಿಗೆ ಮನೆಗೆ ಹೋಗುವ ಮುಂಚೆ ದಿನಾ ಅರ್ಧ ಗಂಟೆ, ತಣ್ಣನೆಯ ನೆಲದ ಮೇಲೆ ಬರಿಗಾಲೂರಿ, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತಾ, ನಾನು ಕಣ್ಣಿಂದ ಕಾಣದ ಜನರ ಜೊತೆ ಕಾಣದ ಊರುಗಳಿಗೆ ಹೋಗಿ ಬರುತ್ತಿದ್ದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಕಡಬದ ಕಡೆಯವನು. ಅಪ್ಪ ಹೆಬ್ಬೆಟ್ಟು, ಅಮ್ಮನಿಗೆ ಅದೂ ಇಲ್ಲ, ಯಾರೂ ಆಕೆಯ ಬೆರಳನ್ನು ಕೇಳಿರಲಿಲ್ಲ. ಕೆರೆ ಏರಿಯ ಮೇಲೆ ನಡೆದು ಸ್ಕೂಲಿಗೆ, ಹಾಸ್ಟೆಲಿನ ತಿಳಿಸಾರು ಕುಡಿದು ಕಾಲೇಜಿಗೆ, ಒಂದು ಸಲ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಎರಡನೇ ಸಲ ಹಲ್ಲು ಕಚ್ಚಿ ಪಾಸಾದವನು ನಾನು. ನಮ್ಮ ಕಡೆಯ ನಾಲ್ಕು ಮನೆಗಳಲ್ಲಿ ಮೊದಲ ಪದವೀಧರ. ಅದಕ್ಕೇ ಮೇಲ್ ಬರೆದಾಗಲೆಲ್ಲ ಕೊನೆಗೆ ‘ರಂಗಸ್ವಾಮಿ, ಬಿ.ಎ.’ ಎಂದೇ ಸಹಿ ಹಾಕುತ್ತಿದ್ದೆ. ನಗುವವರು ನಗಲಿ, ಆ ಎರಡಕ್ಷರಕ್ಕೆ ನಾನು ಸವೆಸಿದ ಕಾಲು ನನಗೆ ಗೊತ್ತು.

ನಮ್ಮದೊಂದು ಮೇಲ್ ಗುಂಪು. ಸರ್ಕಾರಿ ಬಸ್ಸು, ಪ್ಯಾಸೆಂಜರ್ ರೈಲು, ಛತ್ರ, ಬುತ್ತಿ, ಇಷ್ಟನ್ನೇ ನಂಬಿ ತಿರುಗುವವರ ಗುಂಪು. ಬೀದರಿನಿಂದ ಚಾಮರಾಜನಗರದವರೆಗೆ ಮೇಷ್ಟ್ರು, ಗುಮಾಸ್ತರು, ನರ್ಸುಗಳು, ಒಬ್ಬ ಪೋಸ್ಟ್‌ಮ್ಯಾನು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದೆವು. ಯಾವ ಊರಿಗೆ ಮೊದಲ ಬಸ್ಸು ಎಷ್ಟಕ್ಕೆ, ಯಾವ ಛತ್ರದಲ್ಲಿ ತಿಗಣೆ, ಎಲ್ಲ ಅಲ್ಲಿ ಸಿಗುತ್ತಿತ್ತು. ಗುಂಪಿಗೊಂದು ನಿಯಮವಿತ್ತು. ಪ್ರಯಾಣ ಹೊರಡುವವರು ‘ಹೋಗ್ಬರ್ತೀನಿ’ ಎಂದೊಂದು ಮೇಲ್ ಹಾಕಬೇಕು, ವಾಪಸ್ಸಾದ ಮೇಲೆ ‘ಬಂದೆ’ ಎಂದು ಇನ್ನೊಂದು. ನಡುವೆ ಯಾರೂ ಅವರನ್ನು ಏನೂ ಕೇಳಕೂಡದು. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕೂಗಬಾರದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದನ್ನೇ ಕಂಪ್ಯೂಟರಿಗೆ ಹತ್ತಿಸಿದ್ದರು. ಹತ್ತಿಸಿದವರು ಕುಣಿಗಲ್ಲಿನ ಜಯಕ್ಕ.

ಜಯಕ್ಕ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಬಾಣಂತಿ, ಮಕ್ಕಳು, ಚುಚ್ಚುಮದ್ದು ಅಂತ ಓಡಾಡುತ್ತಿದ್ದ ಸರ್ಕಾರಿ ನರ್ಸು. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಯಲ್ಲಿದ್ದರು. ರಜೆ ಸಿಕ್ಕರೆ ಸಾಕು, ಒಂದು ಏರ್‌ಬ್ಯಾಗ್ ಹಿಡಿದು ಹೊರಟುಬಿಡುವವರು. ಉಳಿದವರೆಲ್ಲ ಗೋಪುರದ ಎತ್ತರ, ಜಲಪಾತದ ಆಳ ಬರೆದರೆ, ಇವರು ಬರೆಯುತ್ತಿದ್ದದ್ದೇ ಬೇರೆ. “ಈ ರೂಟಿನಲ್ಲಿ ಬೆಳಿಗ್ಗೆ ಬಲಗಡೆ ಕೂತ್ಕೊಳ್ಳಿ, ಬಿಸಿಲು ಎಡಕ್ಕೆ ಬೀಳುತ್ತೆ.” “ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಗುವಿನ ಹಾಲಿಗೆ ಅಂದರೆ ಬಿಸಿನೀರು ಕೊಡ್ತಾರೆ, ಒಳ್ಳೆ ಜನ.” ಮತ್ತೆ ಪ್ರತಿಯೊಂದು ಊರಿಗೂ, ತಪ್ಪದೆ, ಹೆಂಗಸರು ಎಲ್ಲಿ ಹೋಗಬಹುದು, ಬಾಗಿಲಿಗೆ ಚಿಲಕ ಇದೆಯೋ ಇಲ್ಲವೋ, ನೀರು ಬರುತ್ತೋ ಇಲ್ಲವೋ. ಮೊದಮೊದಲು ಗಂಡಸರು ಮುಜುಗರಪಟ್ಟರು. ಆಮೇಲೆ ತಂತಮ್ಮ ಹೆಂಡಿರಿಗಾಗಿ ಆ ಮೇಲ್‌ಗಳನ್ನು ಪ್ರಿಂಟ್ ತೆಗೆದು ಇಟ್ಟುಕೊಂಡರು.

ನಾನೂ ಮುಜುಗರಪಟ್ಟವರಲ್ಲಿ ಒಬ್ಬ. ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು, ಚಾಮುಂಡಿ ಬೆಟ್ಟ ತೋರಿಸಬೇಕು ಎಂದು ಐದು ವರ್ಷದಿಂದ ಕರೆಯುತ್ತಿದ್ದೆ. ಪ್ರತಿ ಸಲವೂ ಆಕೆ, “ನಂಗ್ಯಾಕ್ಲಾ ಊರು ತಿರುಗೋ ಉಸಾಬರಿ, ಬುಡು” ಅಂದುಬಿಡುವಳು. ಅಮ್ಮನಿಗೆ ಪ್ರಯಾಣ ಇಷ್ಟವಿಲ್ಲ ಎಂದು ಗುಂಪಿಗೆ ಬರೆದೆ. ಜಯಕ್ಕನಿಂದ ಎರಡು ಸಾಲು ಬಂತು: “ಬಿ.ಎ. ರಂಗಣ್ಣನೋರೇ, ಬಸ್ ಹತ್ತೋ ದಿನ ನಿಮ್ಮಮ್ಮ ನೀರು ಕುಡೀತಾರಾ? ಒಂದಿನ ನೋಡಿ ಹೇಳಿ.”

ನೋಡಿದೆ. ಕಡಬದಿಂದ ಗುಬ್ಬಿಗೆ ಮದುವೆಗೆ ಹೊರಟ ದಿನ ಅಮ್ಮ ಬೆಳಿಗ್ಗೆ ಎದ್ದಾಗಿನಿಂದ ಒಂದು ಗುಟುಕು ನೀರು ಮುಟ್ಟಲಿಲ್ಲ. ಕಾಫಿ ಕೊಟ್ಟರೆ ನನ್ನ ಹೆಂಡತಿಗೆ ದಾಟಿಸಿದಳು. ಮೂವತ್ತು ವರ್ಷ ಆಕೆಯ ಮಗನಾಗಿದ್ದು, ಅರಿಸ್ಟಾಟಲ್ ಏನು ಹೇಳಿದ ಎಂದು ಪರೀಕ್ಷೆಯಲ್ಲಿ ಬರೆದು ಬಂದವನಿಗೆ, ತಾಯಿ ಬಾಯಾರಿಕೊಂಡು ಬಸ್ಸಿನಲ್ಲಿ ಕೂರುತ್ತಾಳೆ ಎಂಬುದು ಅವತ್ತು ಗೊತ್ತಾಯಿತು.

ಕೊನೆಗೊಮ್ಮೆ, ಯಾವ ಬಸ್ಸು ಎಂದು ಗುಂಪಿಗೆ ತಿಳಿಸಿ, ಅಮ್ಮನನ್ನು ಮೈಸೂರು ಬಸ್ಸು ಹತ್ತಿಸಿದೆ. ಕುಣಿಗಲ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುತ್ತಿದ್ದ ಹಾಗೆಯೇ ನರ್ಸಿನ ಬಿಳಿ ಸೀರೆಯ, ನರೆತ ಜಡೆಯ, ಕುಳ್ಳಗಿನ ಹೆಂಗಸೊಬ್ಬರು ಹತ್ತಿ ಬಂದು, ಸೀಟುಗಳನ್ನೆಲ್ಲ ಕಣ್ಣಲ್ಲೇ ಗುಡಿಸಿ, ನೇರ ಅಮ್ಮನ ಕೈ ಹಿಡಿದರು. “ಬನ್ನಿ ಅಮ್ಮಯ್ಯ, ಇಲ್ಲೇ ಎದುರುಗಡೆ ನಮ್ಮೋರ ಮನೆ ಐತೆ, ಚಿಲಕ ಗಟ್ಟಿಗಿದೆ.” ಕಂಡಕ್ಟರ್ ಗಡಿಯಾರ ನೋಡಿಕೊಂಡ. “ಏನಣ್ಣ, ನಿನ್ ಮಗೀಗೆ ಪೋಲಿಯೋ ಹಾಕ್ದೋಳು ನಾನು. ಬುಟ್ಟು ಹೋದ್ಯೋ, ನೋಡು ಮತ್ತೆ” ಅಂದರು. ಬಸ್ಸು ಬಿಡಲಿಲ್ಲ. ಅಮ್ಮ ವಾಪಸ್ಸು ಬಂದು ಕೂತು, ಜಯಕ್ಕ ಕಿಟಕಿಯಿಂದ ಕೊಟ್ಟ ಚೆಂಬು ನೀರನ್ನು ಒಂದೇ ಉಸಿರಿಗೆ ಕುಡಿದಳು. ನಾನು ಅವರನ್ನು ನೋಡಿದ್ದು ಆ ಹತ್ತು ನಿಮಿಷ ಮಾತ್ರ.

ಅದಾದ ಎರಡು ವರ್ಷಕ್ಕೆ, ಒಂದು ಬೇಸಿಗೆಯ ಕೊನೆಯಲ್ಲಿ, ಜಯಕ್ಕನ ಮೇಲ್ ಬಂತು: “ಹೋಗ್ಬರ್ತೀನಿ. ಈ ಸಲ ಸ್ವಲ್ಪ ದೂರ.”

ಅಷ್ಟೇ. ಗುಂಪಿಗೆ ಹಬ್ಬವಾಯಿತು. ಕೇಳುವ ಹಾಗಿಲ್ಲ, ಊಹಿಸುವುದಕ್ಕೇನು ಅಡ್ಡಿ? ಕಾಶಿ ಅಂದರು ಒಬ್ಬರು. ದಾವಣಗೆರೆಯ ಮೇಷ್ಟ್ರು ಮಾನಸ ಸರೋವರವೇ ಎಂದು ಹಟ ಹಿಡಿದರು. ‘ಅಲ್ಲಿ ಚಿಲಕ ಇದೆಯೋ ಇಲ್ಲವೋ ಬಂದ ಮೇಲೆ ಗೊತ್ತಾಗುತ್ತೆ’ ಎಂದು ನಾನು ಬರೆದದ್ದಕ್ಕೆ ಎಲ್ಲರೂ ನಕ್ಕರು, ನನ್ನ ಜಾಣತನಕ್ಕೆ ನಾನೂ ಹಿಗ್ಗಿದೆ. ವಾರಗಟ್ಟಲೆ ಆ ಆಟ ನಡೆಯಿತು. ಆದರೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಜಯಕ್ಕ ಪ್ರತಿ ಸಲ ಹೊರಡುವಾಗ ತಾವು ಹತ್ತುವ ಬಸ್ಸಿನ ಟೈಮು ಬರೆಯುತ್ತಿದ್ದರು. ಈ ಸಲ ಬರೆದಿರಲಿಲ್ಲ. ಒಂದು ಸಂಜೆ ‘ಅಕ್ಕಾ, ಹುಷಾರಾಗಿದ್ದೀರಾ?’ ಎಂದು ಅವರಿಗೊಬ್ಬರಿಗೇ ಟೈಪ್ ಮಾಡಿದೆ. ಮಾಡಿ, ನಿಯಮ ನೆನಪಾಗಿ, ಹೊರಟವರನ್ನು ಹಿಂದಿನಿಂದ ಕೂಗಿದ ಅಪಶಕುನ ನನ್ನಿಂದ ಯಾಕೆ ಎಂದುಕೊಂಡು, ಒಂದೊಂದೇ ಅಕ್ಷರ ಅಳಿಸಿದೆ.

ನಲವತ್ತು ದಿನ ಕಳೆದ ಮೇಲೆ ಅವರ ವಿಳಾಸದಿಂದಲೇ ಮೇಲ್ ಬಂತು. ಬರೆದವರು ತಂಗಿಯ ಗಂಡ. ಜಯಲಕ್ಷ್ಮಮ್ಮನವರು ಮೂರು ದಿನದ ಹಿಂದೆ ತೀರಿಕೊಂಡರು, ಇಂಥ ದಿನ ತಿಥಿ, ಇಂಥ ಬೀದಿ, ಕುಣಿಗಲ್.

ಗುಂಪು ಅತ್ತಿತು. ಹೌದು, ಕಂಪ್ಯೂಟರಿನಲ್ಲೂ ಅಳಬಹುದು. ಬೀದರಿನ ಪೋಸ್ಟ್‌ಮ್ಯಾನ್ ಬರೆದ ನಾಲ್ಕು ಸಾಲನ್ನು ಓದುವಾಗ ಪಕ್ಕದ ಕುರ್ಚಿಯವರು ನನ್ನ ಮುಖ ನೋಡಿದರು. ಎಲ್ಲರೂ ಹೇಳಿದ್ದು ಒಂದೇ: ರಂಗಸ್ವಾಮಿಯವರೇ ಹತ್ತಿರದವರು, ನಮ್ಮೆಲ್ಲರ ಪರವಾಗಿ ಹೋಗಿ ಬರಲಿ. ಎಲ್ಲರ ಸಂತಾಪವನ್ನೂ ಪ್ರಿಂಟ್ ತೆಗೆಸಿ, ಫೈಲಿಗೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ತಿಥಿಯ ಹಿಂದಿನ ದಿನ ಕುಣಿಗಲ್ ಬಸ್ಸು ಹತ್ತಿದೆ.

ಬಾಗಿಲು ತೆಗೆದದ್ದು ತಂಗಿ, ಸುಶೀಲಮ್ಮ. “ಯಾರ್ ಬೇಕಾಗಿತ್ತು?”

“ತುಮಕೂರಿಂದ ಬಂದೆ. ಜಯಕ್ಕನ ವಿಷಯ ತಿಳೀತು...”

“ಅವ್ರ್ ಆಫೀಸ್ನೋರಾ?”

“ಅಲ್ಲ.”

“ನಮ್ ಕಡೆ ನೆಂಟ್ರ ಪೈಕಿನಾ?”

“ಅಲ್ಲಮ್ಮ. ಕಂಪ್ಯೂಟರಿನಲ್ಲಿ ಪರಿಚಯ.”

ವಿಧವೆ ಅಕ್ಕನಿಗೆ ಕಂಪ್ಯೂಟರಿನಲ್ಲಿ ಪರಿಚಯವಾದ ಗಂಡಸು ಎಂಬುದನ್ನು ಆಕೆ ಎಲ್ಲಿಡಬೇಕೋ ತಿಳಿಯದೆ ನಿಂತಿದ್ದಾಗ ಒಳಗಿನಿಂದ ಗಂಡನ ದನಿ ಕೇಳಿತು. “ಓ, ಬಿ.ಎ. ಅಂತ ಹಾಕ್ಕೊಳ್ಳೋರು ನೀವೇಯಾ? ಇವ್ರೇ ಕಣೇ, ನಿಮ್ಮಕ್ಕ ಹೇಳ್ತಿದ್ದೋರು. ಬನ್ನಿ ಸಾಮಿ, ಕೂತ್ಕಳಿ.”

ಕೂತೆ. ಫೈಲನ್ನು ಮುಂದಿಟ್ಟೆ. ಸುಶೀಲಮ್ಮ ಅದನ್ನು ತೆರೆಯಲಿಲ್ಲ. “ಈಗ ತಂದಿದೀರಲ್ಲ, ಇದ್ನ ಯಾರ್ಗೆ ಓದಿ ಹೇಳಾನ?” ಅಂದರು. ಬೈಗುಳದ ದನಿಯಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು.

ಆಮೇಲೆ ಹೇಳಿದರು. ಹೊಟ್ಟೆಯಲ್ಲಿ ಗಡ್ಡೆ. ಮಲಗಿದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಯಾವ ಆಸ್ಪತ್ರೆ ಎಂದು ಕೇಳಿದೆ. ನಾನು ದಿನಾ ಎರಡು ಸಲ ಅದರ ಗೇಟಿನ ಮುಂದೆ ಸೈಕಲ್ ತುಳಿದುಕೊಂಡು ಹೋಗುವವನು. ಬೆಳಿಗ್ಗೆ ಆಫೀಸಿಗೆ, ಸಂಜೆ ಇಂಟರ್ನೆಟ್ ಸೆಂಟರಿಗೆ. ಅಲ್ಲಿ ಕೂತು ಜಯಕ್ಕ ಎಲ್ಲಿರಬಹುದು ಎಂದು ಊಹೆ ಮಾಡುವುದಕ್ಕೆ.

“ನಮ್ ಯಜಮಾನ್ರು ವಾರಕ್ಕೊಂದ್ಸಲ ನಿಮ್ಮೋರ್ ಬರ್ದಿದ್ನೆಲ್ಲ ಪ್ರಿಂಟ್ ತೆಗ್ಸ್ಕೊಂಡ್ ಹೋಗೋರು. ಅಕ್ಕ ಓದೋಳು. ‘ನೋಡೇ ಸುಶೀಲ, ಮಾನಸ ಸರೋವರಕ್ಕೆ ಕಳ್ಸವ್ರೆ ನನ್ನ’ ಅಂತ ನಗೋಳು. ನಕ್ರೆ ನೋವಾಗೋದು, ಆದ್ರೂ ನಗೋಳು. ನೀನೇ ಒಂದ್ ಕಾಗ್ದ ಬರ್ದು ತಿಳ್ಸಕ್ಕ ಅಂದೆ. ‘ಬ್ಯಾಡ ಕಣೇ, ನಂಗೆ ನಾನಾಗೇ ಹೇಳಕ್ ಆಗಲ್ಲ. ಯಾರಾದ್ರೂ ಕೇಳಿದ್ರೆ ಹೇಳ್ತೀನಿ’ ಅಂದ್ಳು.”

ಗಂಡ ಕೆಮ್ಮಿದರು, ಸಾಕು ಎಂಬಂತೆ. ಆಕೆ ನಿಲ್ಲಿಸಲಿಲ್ಲ.

“ಯಾರೂ ಕೇಳಲ್ಲ ಕಣಕ್ಕ, ನೀನೇ ತಾನೆ ರೂಲ್ ಮಾಡಿಟ್ಟಿರೋಳು ಅಂದೆ. ‘ತುಮ್ಕೂರಲ್ಲಿ ಒಬ್ಬ ಅವ್ನೆ, ಓದ್ದೋನು, ಅವ್ನ್ಗೆ ಹೊಳೀತದೆ, ಅವ್ನು ಕೇಳ್ತಾನೆ’ ಅಂದ್ಳು. ಕೊನೇ ವಾರ ದಿನಾ ಕೇಳೋಳು, ಮೇಲ್ ಬಂತಾ ನೋಡ್ರೇ ಅಂತ.”

ಅವರು ಕೊಟ್ಟ ನೀರನ್ನು ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಮಾರನೆಯ ಸಂಜೆ ಗುಂಪಿಗೆ ವರದಿ ಒಪ್ಪಿಸಬೇಕಿತ್ತು. ಎಲ್ಲರೂ ಕಾಯುತ್ತಿದ್ದರು. ನಾನು ಬರೆದೆ: ‘ಜಯಕ್ಕನಿಗೆ ಮೊದಲಿನಿಂದಲೂ ಪ್ರಜ್ಞೆ ಇರಲಿಲ್ಲವಂತೆ. ನೋವು ತಿಳಿಯಲಿಲ್ಲವಂತೆ. ನಮ್ಮ ಮೇಲ್‌ಗಳು ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲವಂತೆ.’ ಮೂರು ವಾಕ್ಯ, ಮೂರೂ ಸುಳ್ಳು. ಅಷ್ಟು ಜನರ ಎದೆಗೆ ಚೂರಿ ಹಾಕುವುದು ಬೇಡ ಎಂದು ಬರೆದೆ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಜಯಕ್ಕ ಹೆಸರು ಹಿಡಿಯದೆ ಕಾದದ್ದು ಯಾರನ್ನು ಎಂದು ಬರೆಯಬೇಕಾಗುತ್ತಿತ್ತಲ್ಲ, ಅದರಿಂದ ತಪ್ಪಿಸಿಕೊಂಡೆ ಎಂದು ಈಗ ಹೇಳುತ್ತಿದ್ದೇನೆ. ‘ಸದ್ಯ, ನಮ್ಮ ತಮಾಷೆ ಅವರು ಓದಲಿಲ್ಲವಲ್ಲ’ ಎಂದು ದಾವಣಗೆರೆ ಮೇಷ್ಟ್ರು ನಿಟ್ಟುಸಿರಿಟ್ಟರು. ಎಲ್ಲರ ಪರವಾಗಿ ಹೋಗಿ ಬಂದ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಜಯಕ್ಕನ ನೆನಪಿಗೆ ಏನಾದರೂ ಮಾಡಬೇಕಲ್ಲ ಎಂದು ಚರ್ಚೆಯಾಗಿ, ಹೊರಟವರನ್ನು ಕೇಳಬಾರದು ಎಂಬ ಆ ನಿಯಮಕ್ಕೆ ‘ಜಯಕ್ಕನ ನಿಯಮ’ ಎಂದೇ ಹೆಸರಿಟ್ಟು, ಇನ್ನು ಮೇಲೆ ಯಾರೂ ಯಾವ ಕಾರಣಕ್ಕೂ ಮುರಿಯಕೂಡದು ಎಂದು ತೀರ್ಮಾನಿಸಿದರು. ಒಪ್ಪಿಗೆ ಕೇಳಿದಾಗ ನಾನೂ ‘ಸರಿ’ ಎಂದು ಬರೆದೆ.

ಒಂದು ಸುಳ್ಳು ತಾನಾಗಿ ಸಾಯುತ್ತದೆ ಎಂದುಕೊಂಡವರು ಯಾರಾದರೂ ಇದ್ದರೆ ಕೇಳಿ: ನನ್ನ ಸುಳ್ಳು ಮೂರ್ತಿಯಾಗಿ ನಿಂತು ಪೂಜೆ ಮಾಡಿಸಿಕೊಂಡಿತು. ವರ್ಷ ಕಳೆಯಿತು. ಹಾಸನದ ಒಬ್ಬ ನಿವೃತ್ತ ಗ್ರಂಥಪಾಲಕರು ‘ಹೋಗ್ಬರ್ತೀನಿ’ ಎಂದು ಬರೆದು ಸುಮ್ಮನಾದರು. ಹದಿನೈದು ದಿನ, ಇಪ್ಪತ್ತು ದಿನ. ಗುಂಪು ನಿಯಮ ಪಾಲಿಸುತ್ತಿತ್ತು. ಅವರು ಬದರಿಗೋ ದ್ವಾರಕೆಗೋ ಎಂದು ಊಹೆಗಳು ಮತ್ತೆ ಶುರುವಾಗಿದ್ದವು. ಇಪ್ಪತ್ತೊಂದನೆಯ ದಿನ ನಾನು ಎಲ್ಲರೆದುರೇ ಬರೆದೆ: ‘ಸಾರ್, ಎಲ್ಲಿದ್ದೀರಿ? ಹೇಗಿದ್ದೀರಿ?’

ಒಂದು ಗಂಟೆಯೊಳಗೆ ಏಳೆಂಟು ಜನ ನನ್ನ ಮೇಲೆ ಬಿದ್ದರು. “ಜಯಕ್ಕನ ಮನೆಗೆ ಹೋಗಿ ಬಂದವರು ನೀವು. ನೀವೇ ಅವರ ನಿಯಮ ಮುರಿದರೆ ಹೇಗೆ ಸ್ವಾಮಿ? ಅವರ ಆತ್ಮಕ್ಕೆ ನೋವಾಗುವುದಿಲ್ಲವೇ?” ಎಂದು ಮೇಷ್ಟ್ರು ಬರೆದಿದ್ದರು.

ಆ ಸಾಲನ್ನು ಎರಡು ಸಲ ಓದಿದೆ. ಸೆಂಟರಿನವರು ಟೈಮಾಯಿತು ಎಂದರು, ಇನ್ನರ್ಧ ಗಂಟೆ ಬೇಕು ಎಂದೆ. ಮೊದಲಿಗೆ ಮೇಷ್ಟ್ರ ಹೆಸರು ಬರೆದೆ, ಆಮೇಲೆ ಅದನ್ನು ತೆಗೆದು ಎಲ್ಲರಿಗೂ ಎಂದು ಬರೆದೆ. ಅದರ ಕೆಳಗೆ: ‘ಜಯಕ್ಕನಿಗೆ ಕೊನೆಯವರೆಗೂ ಪ್ರಜ್ಞೆ ಇತ್ತು. ನಾವು ಬರೆದದ್ದನ್ನೆಲ್ಲ ಅವರು ಓದಿದ್ದರು. ನಮ್ಮಲ್ಲಿ ಒಬ್ಬ ಕೇಳುತ್ತಾನೆ ಎಂದು ಕಾದಿದ್ದರು. ಆ ಒಬ್ಬ ನಾನು.’