ಮುರಿಯದ ಬೋಲ್ಟು

ನೆಲದಡಿಯ ಕರೆಂಟಿನ ಕೇಬಲ್ ಜೋಡಿಸುವುದರಲ್ಲಿ ಫಕೀರಪ್ಪ ಎತ್ತಿದ ಕೈ. "ಮೂವತ್ತು ವರ್ಷದಾಗ ಒಂದು ಬೋಲ್ಟ್ ಮುರದಿಲ್ಲ" ಎಂದು ನಾಗಪುರದ ತುಂಬ ಹೇಳಿಕೊಂಡು ತಿರುಗುತ್ತಿದ್ದ. ಸ್ಪ್ಯಾನರ್ ಹಾಕಿ ಬಿಗಿಯುವಾಗ, ಬೋಲ್ಟು ಇನ್ನೇನು ಮುರಿಯುತ್ತದೆ ಎನ್ನುವುದು ಅವನ ಅಂಗೈಗೆ ಮೊದಲೇ ತಿಳಿಯುತ್ತಿತ್ತು. ಅಲ್ಲಿಗೇ ಕೈ ತಡೆಯುತ್ತಿದ್ದ. ಎರಡು ವರ್ಷದ ಹಿಂದೆ ಕೇಬಲ್ ತುದಿಗಳನ್ನು ಕೂಡಿಸಲು ಹೊಸ ನಮೂನೆಯ ಬೋಲ್ಟಿನ ಕನೆಕ್ಟರ್‌ಗಳು ಬಂದವು. ತರಬೇತಿಗೆ ಕರೆದರೆ, "ನನಗೇನ್ ಕಲಸ್ತಾರ ಇವ್ರು?" ಎಂದು ಹೋಗಲೇ ಇಲ್ಲ.

ಈ ಮೇ ತಿಂಗಳ ಒಂದು ಮಧ್ಯಾಹ್ನ, ಮನೀಶ್ ನಗರದಲ್ಲಿ ಅವನು ಹಾಕಿದ್ದ ಜಾಯಿಂಟೊಂದು ಕಾದು ಸಿಡಿಯಿತು. ಪಕ್ಕದ ಕೇಬಲ್ಲಿನ ಕೆಲಸಕ್ಕೆಂದು ಅಗೆದ ಅದೇ ಗುಂಡಿಗೆ ಇಳಿದಿದ್ದ ಜೊತೆಗಾರ ಕಲ್ಲೇಶ ಅಲ್ಲೇ ಸತ್ತ.

ಮರುದಿನ ಬೆಳಗಾವಿ ಕಡೆಯ ಎಂಜಿನಿಯರ್ ದಾಕ್ಷಾಯಿಣಿ ಸುಟ್ಟ ಕನೆಕ್ಟರನ್ನು ಅವನ ಮುಂದೆ ಹಿಡಿದರು.

"ಕಾಕಾ, ಈ ಬೋಲ್ಟಿನ ತಲಿ ಮುರಿಯೂತನಕ ಬಿಗೀಬೇಕ್ರಿ. ಮುರದ್ರನ ಬರೋಬರ್ ಬಿಗಿ ಆತು ಅಂತ ಅರ್ಥ. ಇಲ್ಲಿ ನಾಲ್ಕೂ ತಲಿ ಮುರೀದ ಹಂಗ ಅದಾವು! ಇಂಥವು ಎಷ್ಟ್ ಹಾಕೀರಿ?"

ಫಕೀರಪ್ಪ ತಲೆಯೆತ್ತಿ ನೋಡಿದ. ಎದುರಿನ ರಸ್ತೆಯಲ್ಲಿ ಜನ ಎಂದಿನಂತೆ ಓಡಾಡುತ್ತಿದ್ದರು. ಅಂಥ ರಸ್ತೆಗಳ ಕೆಳಗೆ ಅವನು ಈ ಎರಡು ವರ್ಷದಲ್ಲಿ ಇಂಥ ಇನ್ನೂರು ಜಾಯಿಂಟುಗಳಿಗೆ ಮಣ್ಣು ಮುಚ್ಚಿದ್ದ. ಒಂದರಲ್ಲೂ ಬೋಲ್ಟು ಮುರಿದಿರಲಿಲ್ಲ.